ಹೊಟ್ಟಿನ ಓಣಿಯ ತೊಂದರೆಗಳು

"ದೂರ ನಿಂತು ಮಾತಾಡಬೇ. ಮೈಮ್ಯಾಲಿಂದ ಹೊಟ್ಟು ಉದುರಾಕತ್ತದ," ಎಂದು ಸರಕಾರಿ ಜಾಗಾ ಆಫೀಸಿನ ಸಾಹೇಬ ಕರ್ಚೀಫಿನಿಂದ ಮೂಗು ಮುಚ್ಚಿಕೊಂಡ. "ಮನುಷ್ಯಾರು ಇರೋ ಜಾಗಾ ಏನಲೇ ಇದು? ಹಂದಿ ಸೈತ ಹೇಸ್ತಾವ."

ಗದ್ದೆಮ್ಮ ಎರಡು ಹೆಜ್ಜೆ ಹಿಂದಕ್ಕೆ ಸರಿದು ಸೆರಗು ಜಾಡಿಸಿಕೊಂಡಳು. ಅವಳು ಗಿರಣಿಯಿಂದ ಆಗಷ್ಟೇ ಬಂದಿದ್ದಳು. ಹೊಟ್ಟಿನ ರಾಶಿಯಲ್ಲಿ ಕೂತು ನುಚ್ಚು ಆರಿಸಿ ಕೊಡುವುದು ಅವಳ ಕೆಲಸ. ಹುಬ್ಬು, ರೆಪ್ಪೆ, ಕಿವಿಯ ಸಂದಿ ಎಲ್ಲವೂ ಬೆಳ್ಳಗಾಗಿದ್ದವು.

ರಾಯಚೂರಿನ ಗಂಜಿನ, ಅಂದರೆ ಕಾಳಿನ ಮಾರುಕಟ್ಟೆಯ, ಹಿಂದಿನ ಗೋಡೆಗೂ ರೈಲು ಹಳಿಗೂ ನಡುವೆ, ರಾಮಲಿಂಗಪ್ಪ ಸಾಹುಕಾರನ ಅಕ್ಕಿ ಗಿರಣಿಯ ಬೆನ್ನಿಗೆ, ಅರವತ್ತೆರಡು ಗುಡಿಸಲುಗಳಿದ್ದವು. ಗಿರಣಿ ಉಗುಳಿದ ಹೊಟ್ಟೆಲ್ಲ ಅಲ್ಲೇ ಬೀಳುತ್ತಿದ್ದುದರಿಂದ ಊರಿನವರು ಅದನ್ನು ಹೊಟ್ಟಿನ ಓಣಿ ಎನ್ನುತ್ತಿದ್ದರು. ೧೯೮೨ರ ಏಪ್ರಿಲ್‌ನಲ್ಲಿ ಸಾಹೇಬ ಬಂದಾಗ ಅವನ ಕೈಯಲ್ಲಿ ಅಚ್ಚು ಹಾಕಿದ ಫಾರ್ಮುಗಳಿದ್ದವು. ಮೇಲೆ ಒಂದು ಸಾಲು: ‘ಈ ಪ್ರದೇಶದಲ್ಲಿ ವಾಸಿಸುವುದರಿಂದ ಆಗುವ ತೊಂದರೆಗಳು’. ಕೆಳಗೆ ಖಾಲಿ ಗೆರೆಗಳು.

"ಏನೇನು ತ್ರಾಸ ಅದ, ಒಬ್ಬೊಬ್ರ ಹೇಳ್ರಿ," ಎಂದ ಸಾಹೇಬ.

ಇಂಥ ಕಾಗದದ ಎದುರು ಹೇಗೆ ನಿಲ್ಲಬೇಕೆಂಬುದು ಗದ್ದೆಮ್ಮನಿಗೆ ಗೊತ್ತಿತ್ತು. ಹತ್ತು ವರ್ಷದ ಹಿಂದೆ ದೇವದುರ್ಗದ ಕಡೆ ಬರಗಾಲದ ಕಾಮಗಾರಿ ನಡೆದಾಗ ಅವಳು ಕಲ್ಲು ಒಡೆದಿದ್ದಳು. ಸಾಹೇಬರು ಬಂದು ಹೆಂಗಿದ್ದೀರೆಂದು ಕೇಳಿದಾಗ, ‘ಆರಾಮ ಇದ್ದೀವ್ರಿ’ ಎಂದ ಮುದುಕನ ಹೆಸರು ಮರುದಿನ ಪಟ್ಟಿಯಲ್ಲಿ ಇರಲಿಲ್ಲ. ಎದೆ ಬಡಿದುಕೊಂಡು ಅತ್ತವರಿಗೆ ಜೋಳ ಸಿಕ್ಕಿತ್ತು. ಅಳುವ ಕೂಸಿಗೇ ಹಾಲು. ಓಣಿಯ ಎಲ್ಲರೂ ಇಂಥದೇ ಯಾವುದೋ ಕಾಮಗಾರಿಯಲ್ಲಿ ಇದೇ ಪಾಠ ಕಲಿತು ಬಂದವರು. ಹಾಗಾಗಿ ಅಂದು ಪೈಪೋಟಿಯೇ ನಡೆಯಿತು.

ಸರ್ವರಿ ಬೇಗಂ ಬುರ್ಖಾದ ಮುಸುಕು ಸರಿಸಿ ಕೆಂಪಾದ ಕಣ್ಣು ತೋರಿಸಿದಳು. "ಗಿರಣಿ ಬೂದಿ ಬಿದ್ದೂ ಬಿದ್ದೂ ಬಲಗಣ್ಣು ಹೋದಂಗೇ ಸಾಹೇಬ್. ಲಿಖೋ." ಒಬ್ಬ ಚರಂಡಿ ಎಂದ, ಇನ್ನೊಬ್ಬ ಹೊರಕಡೆಗೆ ಹಳಿಯ ಮೇಲೇ ಕೂಡಬೇಕೆಂದ. ಗದ್ದೆಮ್ಮನ ಗಂಡ ತಾಯಪ್ಪ, ಗಂಜಿನ ಹಮಾಲ, "ರೈಲು ಬಂದ್ರ ಗ್ವಾಡಿ ನಡಗತಾವ್ರಿ," ಎಂದ.

ಸಾಹೇಬ ಆಕಳಿಸುತ್ತ ಬರೆಯುತ್ತಿದ್ದ. ಇಷ್ಟಕ್ಕೆ ಓಣಿಗೆ ಇರುವ ಒಂದು ನಳದ ಜೊತೆ ಹೊಸ ನಳ ಬರಲಿಕ್ಕಿಲ್ಲ ಎಂದು ಗದ್ದೆಮ್ಮನಿಗೆ ಅನಿಸಿತು.

"ಹಾವು ಬರ್ಕೋರಿ ಸಾಹೇಬ್ರ," ಎಂದಳು. "ಹೊಟ್ಟಿನಾಗ ಹಾವು ಮನಿ ಮಾಡ್ಯಾವ. ಹ್ವಾದ ವರ್ಷ ಎರಡು ಕೂಸು ಕಡಿಸ್ಕೊಂಡು ಸತ್ತುವು."

ಸತ್ತಿದ್ದು ಒಂದು ಹಾವು ಮಾತ್ರ. ಅದನ್ನು ಬಡಿದವನು ತಾಯಪ್ಪ.

ಸಾಹೇಬ ಮೊದಲ ಸಲ ಕರ್ಚೀಫು ಕೆಳಗಿಳಿಸಿದ. "ಇದನ್ನ ಮೊದಲೇ ಹೇಳಬೇಕಿಲ್ಲೇನು?" ಎಂದು ಎರಡು ಗೆರೆ ತುಂಬಿಸಿದ. ಅರವತ್ತೊಂದು ಹೆಬ್ಬೆಟ್ಟು, ಒಂದು ಸಹಿ ಬಿದ್ದವು. "ಇನ್ನೆರಡು ನಳ, ಒಂದು ಲೈಟಿನ ಕಂಬ, ಬರದಿಟ್ಕೋರಿ," ಎಂದು ಗದ್ದೆಮ್ಮ ಸಂಜೆಯತನಕ ಓಣಿಯಲ್ಲಿ ಹೇಳಿಕೊಂಡು ತಿರುಗಿದಳು.

ಆಗಸ್ಟಿನಲ್ಲಿ ಬಂದದ್ದು ನೋಟೀಸು.

ಓಣಿಯಲ್ಲಿ ಓದಲು ಬರುತ್ತಿದ್ದವನು ಸುಂಕಪ್ಪ ಒಬ್ಬನೇ. ಅವನು ಹಮಾಲರಿಗೆ ಕೆಲಸ ಹಂಚುವ ಮುಕಾದಮ. ಗುಡಿಸಲಿನ ಕಂಬಕ್ಕೆ ಅಂಟಿಸಿದ್ದ ಕಾಗದವನ್ನು ಅವನು ಬೆರಳಿಟ್ಟು ಓದಿದ: "ಸದರಿ ಪ್ರದೇಶವು ಮಾನವ ವಾಸಕ್ಕೆ ಯೋಗ್ಯವಲ್ಲವೆಂದು ಅಲ್ಲಿನ ನಿವಾಸಿಗಳೇ ಹೇಳಿಕೆ ನೀಡಿರುವುದರಿಂದ, ಹಾಗೂ ವಿಷಜಂತುಗಳಿಂದ ಎರಡು ಶಿಶುಮರಣಗಳು ಸಂಭವಿಸಿರುವುದರಿಂದ..."

"ಕನ್ನಡದಾಗ ಹೇಳೋ ಯಪ್ಪಾ," ಎಂದರು ಯಾರೋ.

"ಇಲ್ಲಿ ಇರಾಕ ಆಗಂಗಿಲ್ಲ ಅಂತ ನೀವೇ ಹೇಳೀರಿ. ಅದಕ್ಕ ಗುಂಜಹಳ್ಳಿ ದಾರೀಗೆ ಏಳು ಕಿಲೋಮೀಟರಿನ್ಯಾಗ ಜಾಗಾ ಕೊಟ್ಟಾರ. ಸೋಮವಾರ ಖಾಲಿ ಮಾಡಬೇಕು. ಈ ನೆಲ ಸಾಹುಕಾರಗ ಹೋಗ್ತದ. ಗೋಡೌನ್ ಕಟ್ತಾನಂತ."

ಎಲ್ಲರ ತಲೆಯಲ್ಲಿ ಓಡುತ್ತಿದ್ದುದು ಒಂದೇ. ಮಾನ್ವಿ ಕಡೆಯಿಂದ ಭತ್ತದ ಲಾರಿ ಯಾವಾಗ ಬರುತ್ತದೆಂದು ಹೇಳಲಾಗುತ್ತಿರಲಿಲ್ಲ. ಬಂದ ಕೂಡಲೇ ಸುಂಕಪ್ಪ ಗಂಜಿನ ಗೇಟಿನಲ್ಲಿ ನಿಂತು ಸೀಟಿ ಊದುತ್ತಿದ್ದ. ಓಡಿ ಬಂದು ಲಾರಿಯ ಹಿಂದಿನ ಹಲಗೆ ಮುಟ್ಟಿದ ಮೊದಲ ಹನ್ನೆರಡು ಜನಕ್ಕೆ ಆ ಲಾರಿಯ ಕೆಲಸ. ಹದಿಮೂರನೆಯವನು ಬಂದ ದಾರಿಯಲ್ಲೇ ಹಿಂದಕ್ಕೆ. ಓಣಿಯಿಂದ ಗೇಟಿಗೆ ನೂರೈವತ್ತು ಹೆಜ್ಜೆ. ಉಣ್ಣುತ್ತಿದ್ದವನು ತಾಟು ಬಿಟ್ಟು ಓಡಿದರೂ ಹನ್ನೆರಡರೊಳಗೆ ಬರುತ್ತಿದ್ದ.

"ಏಳು ಕಿಲೋಮೀಟರಿಗೆ ನಿನ್ನ ಸೀಟಿ ಕೇಳ್ತದೇನೋ ಸುಂಕಪ್ಪ?" ಎಂದು ಒಬ್ಬ ಕೇಳಿದ.

"ನಿನ್ನ ಮುಕುಳ್ಯಾಗ ಊದಿದ್ರ ಕೇಳ್ತದ," ಎಂದ ಸುಂಕಪ್ಪ.

"ಹಾವಿನ ಕಥಿ ಕಟ್ಟಿದಾಕಿ ಯಾರು?" ಎಂದು ಹಿಂದಿನಿಂದ ಒಂದು ದನಿ ಬಂತು. ತಲೆಗಳು ತಿರುಗಿದವು.

ತಾಯಪ್ಪ ಎಲ್ಲರಿಗಿಂತ ಮೊದಲು ಬೈದ. "ಹಾಟ್ಯಾನ ಬಾಯಿ ನಿಂದು. ಇಲ್ಲದ ಕೂಸಿನ್ನ ಕೊಂದು ನಮ್ಮನ್ನ ಬೀದಿಗೆ ಹಾಕಿದಿ."

ಸರ್ವರಿ ಬೇಗಂ ಮುಂದೆ ಬಂದಳು. "ಅರೆ ತಾಯಪ್ಪ, ರೈಲಿಗೆ ಗ್ವಾಡಿ ನಡಗತಾವ ಅಂದವ ಯಾರು, ನಿಮ್ಮಪ್ಪನಾ? ನಾ ಕಣ್ಣು ತೋರ್ಸಿಲ್ಲೇನು? ಹೆಬ್ಬಟ್ಟು ಎಲ್ಲಾರದೂ ಅದ. ಆಕಿ ಒಬ್ಬಾಕೀನ ಹಿಡೀಬ್ಯಾಡ್ರಿ."

ಮರುದಿನ ಮುಂಜಾನೆ ಗದ್ದೆಮ್ಮ, ಸರ್ವರಿ ಬೇಗಂ ಇಬ್ಬರೂ ಆಫೀಸಿಗೆ ಹೋದರು. ಚಪ್ಪಲಿ ಬಿಡುವ ಜಾಗದಲ್ಲಿ ಅವರನ್ನು ಕೂಡಿಸಿದರು. ಬಿಸಿಲು ನೆತ್ತಿಗೆ ಬಂದ ಮೇಲೆ ಒಳಗೆ ಕರೆದರು. ಸಾಹೇಬನ ಎದುರಿನ ಕುರ್ಚಿಯಲ್ಲಿ ರಾಮಲಿಂಗಪ್ಪ ಸಾಹುಕಾರ ಬಸಿಗೆ ಚಹಾ ಸುರಿದುಕೊಂಡು ಕುಡಿಯುತ್ತಿದ್ದ.

"ಸಾಹೇಬ್ರ, ಹಾವಿಂದು ಸುಳ್ಳು," ಎಂದಳು ಗದ್ದೆಮ್ಮ. "ಯಾವ ಕೂಸೂ ಸತ್ತಿಲ್ಲ. ನಾ ಹೇಳಿದ ಸುಳ್ಳದು. ಹೊಡದು ಹಾಕ್ರಿ."

"ಸರಕಾರಕ್ಕ ಸುಳ್ಳು ಹೇಳಿದಿ ಅಂತ ಒಳಗ ಹಾಕಸಲೇನು?"

"ಹಾಕಸ್ರಿ. ಹಾಕಸೋಕಿಂತ ಮೊದಲ ಇನ್ನೊಂದು ಬರ್ಕೋರಿ. ಅವತ್ತು ನೀವು ತ್ರಾಸ ಅಷ್ಟೇ ಕೇಳಿದ್ರಿ. ಅಲ್ಲೆ ಇರೋದ್ರಿಂದ ಏನು ಚಲೋ ಅದ ಅಂತ ಕೇಳಲಿಲ್ಲ."

ಸಾಹೇಬ ಪೆನ್ನು ಮುಚ್ಚಿದ. "ಅದಕ್ಕ ಕಾಲಮ್ಮಿಲ್ಲ."

"ಇಲ್ಲದಿದ್ರ ಕೆಳಗ ಬರೀರಿ. ಸೀಟಿ ಕೇಳ್ತದ. ಇದು ಒಂದು. ಹೊಟ್ಟು ಕಣ್ಣಾಗ ಬೀಳ್ತದ ಖರೆ, ಒಲಿಗೂ ಅದೇ. ಹತ್ತು ವರ್ಷ ಒಂದು ಕಟಿಗಿ ಕೊಂಡಿಲ್ಲ ನಾ. ಗಿರಣಿ ಬಾಯ್ಲರಿನ ಬಿಸಿನೀರು ಮೋರಿಗೆ ಬರ್ತದ. ಬಾಣಂತ್ಯಾರು ಅದರಾಗೇ ಮೈ ತೊಳ್ಕೊಂತಾರ." ಅವಳು ಉಸಿರು ಎಳೆದುಕೊಂಡಳು. "ಮತ್ತ ಓಣ್ಯಾಗಿನ ಆ ಒಂದು ನಳ. ದೇವದುರ್ಗದ ಕಡೆ ನಮ್ಮೂರಾಗ ಬಾವಿ ಕಟ್ಟಿ ಹತ್ತಂಗಿದ್ದಿಲ್ಲ ನಾವು. ಯಾರರ ಮ್ಯಾಲಿಂದ ನೀರು ಹೊಯ್ಯೋತನಕ ಕೊಡ ಇಟ್ಕೊಂಡು ಕೂಡಬೇಕು. ಇಲ್ಲೆ ಈಕಿ ಕೊಡದ ಹಿಂದ ನನ್ನ ಕೊಡ, ನನ್ನ ಕೊಡದ ಹಿಂದ ಸುಂಕಪ್ಪನ ಹೇಣ್ತಿ ಕೊಡ. ಜಗಳ ಆಡ್ತೀವಿ, ಕೂದ್ಲು ಹಿಡೀತೀವಿ. ಆದರ ನೀ ಮುಟ್ಟಬ್ಯಾಡ ಅಂತ ಒಬ್ಬಾಕಿನೂ ಅಂದಿಲ್ಲ."

ಸಾಹುಕಾರ ಬಸಿ ಕೆಳಗಿಟ್ಟ. "ಕೇಳ್ರಿ ಸಾಹೇಬ್ರ. ನನ್ನ ಹೊಟ್ಟು, ನನ್ನ ಬಿಸಿನೀರು. ಹತ್ತು ವರ್ಷ ತಿಂದು ತೇಗಿ ಈಗ ನನ್ನ ಎದುರಿಗೇ ಲೆಕ್ಚರು. ನಾಯಿಗೆ ಎಲುಬು ಒಗದ್ರ ಬಾಲಾನಾದ್ರೂ ಅಲ್ಲಾಡಸ್ತದ."

"ಬಾಲ ಇದ್ದವರು ಅಲ್ಲಾಡಸ್ತಾರ್ರಿ ಸಾಹುಕಾರ್ರ," ಎಂದಳು ಸರ್ವರಿ ಬೇಗಂ, ಮುಸುಕಿನೊಳಗಿನಿಂದ.

"ಹೊರಗ ಹಾಕ್ರಿ ಇವರನ್ನ," ಎಂದು ಸಾಹುಕಾರ ಎದ್ದ. ಸಾಹೇಬ ಅವನನ್ನು ಕೂಡಿಸಿ, ಮೇಜಿನ ಮೇಲೆ ಒಂದು ನೀಲಿ ನಕಾಶೆ ಬಿಡಿಸಿದ. ಅವನ ದನಿ ಈಗ ಮೆತ್ತಗಾಗಿತ್ತು.

"ನೋಡಬೇ ಗದ್ದೆಮ್ಮ, ನಿಮ್ಮ ಚಲೋಕ್ಕೇ ಮಾಡೀವಿ. ಸಾಲು ಸಾಲು ಮನಿ. ಇದು ಸಾಬರ ಸಾಲು, ದಾರಿ ಈಚಿಗೆ. ಇದು ಸುಂಕಪ್ಪನಂಥೋರದು. ಇದು ಕೊನೀಗೆ ನಿಮ್ಮವರದು. ಯಾರಿಗೂ ಯಾರ ತಂಟಿ ಇಲ್ಲ."

"ನೀರು?" ಎಂದಳು ಗದ್ದೆಮ್ಮ.

ಸಾಹೇಬನ ಬೆರಳು ಸುಂಕಪ್ಪನಂಥವರ ಸಾಲಿನ ಮುಂದೆ ನಿಂತಿತು. "ಬೋರಿಂಗು ಇಲ್ಲೆ ಬರ್ತದ. ಸದ್ಯಕ್ಕ ಒಂದೇ. ನಿಮ್ಮ ಸಾಲಿಗೆ ಮುಂದಿನ ವರ್ಷ ನೋಡೋಣು."

ಗದ್ದೆಮ್ಮ ನಕಾಶೆಯನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ. ಆದರೆ ಇದನ್ನು ಅವಳು ಹುಟ್ಟಿದಾಗಿನಿಂದ ಬಲ್ಲವಳು.

ಸೋಮವಾರ ಮುಂಜಾನೆ ಏಳಕ್ಕೆ ಸೀಟಿ ಕೇಳಿಸಿತು. ಅಭ್ಯಾಸಬಲದಿಂದ ಗಂಡಸರು ಎದ್ದು ಓಡಿದರು. ಗಂಜಿನ ಗೇಟಿಗೆ ಹೋಗಿ ನೋಡಿದರೆ ಅಲ್ಲಿ ಲಾರಿ ಇರಲಿಲ್ಲ. ಅವರು ತಿರುಗಿ ಬರುವಷ್ಟರಲ್ಲಿ ಮೂರು ಖಾಲಿ ಲಾರಿಗಳು ಓಣಿಯ ಬಾಯಿಗೇ ಬಂದು ನಿಂತಿದ್ದವು. ಇಬ್ಬರು ಪೊಲೀಸರು ಬೀಡಿ ಸೇದುತ್ತಿದ್ದರು. ಸುಂಕಪ್ಪ ತಲೆ ಎತ್ತದೆ ಹೇಳಿದ:

"ಇವತ್ತಿನ ಮಾಲು ನಮ್ಮ ಮನಿಗೋಳು. ಏರಸೋದು ಇಳಸೋದು ಎರಡೂ ಗುತ್ತಿಗಿ ಆಫೀಸಿನವ್ರು ನನಗೇ ಕೊಟ್ಟಾರ. ನಾವು ಹೊರಲಿಲ್ಲಂದ್ರ ಇವ್ರು ಕಿತ್ತು ಹಳಿ ಮ್ಯಾಲ ಒಗೀತಾರ."

"ನಿನ್ನ ಮುಕಾದಮಗಿರಿಗೆ ಮಣ್ಣು ಹಾಕಾ," ಎಂದ ತಾಯಪ್ಪ. ಆಮೇಲೆ ಹೋಗಿ ತನ್ನ ಗುಡಿಸಲಿನ ಬಾಗಿಲನ್ನು ತಾನೇ ಕಿತ್ತು ಹೆಗಲಿಗೇರಿಸಿದ.

ತಗಡು, ಬೊಂಬು, ಹಗ್ಗದ ಹೊರಸು, ಕೊಡ, ಬೀಸುವ ಕಲ್ಲು. ನಲವತ್ತು ಹಮಾಲರು ನೂರು ಕಿಲೋ ಚೀಲ ಹೊತ್ತ ಬೆನ್ನಿನ ಮೇಲೆ ತಮ್ಮ ಸಂಸಾರ ಹೊತ್ತರು. ತೂಕ ಏನೂ ಇರಲಿಲ್ಲ. ಹತ್ತು ಗಂಟೆಗೆ ಓಣಿ ಬಯಲಾಯಿತು. ಪೊಲೀಸರು ಆ ನೆಲ ಕಾಯಲು ಅಲ್ಲೇ ಉಳಿದರು.

ಲಾರಿ ಹತ್ತುವ ಮುಂಚೆ ಗದ್ದೆಮ್ಮ ಸುಂಕಪ್ಪನ ಬಳಿ ಬಂದಳು. "ಮಾವಾ, ಏರಸಾಕ ಹೇಳಿದವ ಸಾಹೇಬ. ಇಳಸೋದು ಯಾರ ಕೈಯಾಗದ?"

ಸುಂಕಪ್ಪ ಕೊರಳಿನ ಸೀಟಿ ತೆಗೆದು ಕಿಸೆಗೆ ಹಾಕಿಕೊಂಡ. ತಾಯಪ್ಪ ಹೆಂಡತಿಯನ್ನು ನೋಡಿದ. ಬೈಗುಳದ ದಿನದಿಂದ ಅವನು ಅವಳೊಂದಿಗೆ ಮಾತಾಡಿರಲಿಲ್ಲ. ಅವಳ ಕೈ ಹಿಡಿದು ಮೊದಲ ಲಾರಿಯ ಸಾಮಾನಿನ ಮೇಲಕ್ಕೆ ಹತ್ತಿಸಿದ.

ಗುಂಜಹಳ್ಳಿ ದಾರಿಗೆ ಹೋಗಬೇಕಾದರೆ ಆಫೀಸಿನ ಮುಂದೆಯೇ ಹಾಯಬೇಕು. ಗಂಜಿನ ಲಾರಿಗಳಿಗೆ ಒಂದು ರೂಢಿಯಿದೆ. ಮೇಲಿದ್ದ ಹಮಾಲ ಹಲಗೆಗೆ ಎರಡು ಏಟು ಬಡಿದರೆ ಡ್ರೈವರ್ ಯಾಕೆಂದು ಕೇಳದೆ ನಿಲ್ಲಿಸಬೇಕು. ಚೀಲ ಜಾರಿರಬಹುದು, ಮನುಷ್ಯ ಬಿದ್ದಿರಬಹುದು. ಆಫೀಸಿನ ಗೇಟು ಬಂದಾಗ ಗದ್ದೆಮ್ಮ ಬಗ್ಗಿ ಅಂಗೈಯಿಂದ ಹಲಗೆಗೆ ಎರಡು ಸಲ ಬಡಿದಳು.

ಲಾರಿ ನಿಂತಿತು. ಹಿಂದಿನ ಎರಡೂ ನಿಂತವು.

ತಾಯಪ್ಪ ಕೊಂಡಿ ತೆಗೆದು ಹಿಂದಿನ ಹಲಗೆ ಬೀಳಿಸಿದ. ಡ್ರೈವರ್ ಇಳಿದು ಬಂದು, "ಏ ಹುಚ್ಚ ಸೂಳೇಮಕ್ಕಳ್ರ್ಯಾ, ನನ್ನ ಲೈಸನ್ಸ್ ಹೋಗ್ತದಲೇ," ಎಂದ. ಯಾರೂ ಅವನ ಕಡೆ ನೋಡಲಿಲ್ಲ. ಮೊದಲ ಹೊರೆಗೆ ಬೆನ್ನು ಕೊಟ್ಟವನು ಸುಂಕಪ್ಪ. ಎಂಟು ವರ್ಷದಿಂದ ಒಂದು ಚೀಲವನ್ನೂ ಹೊರದೆ ನಿಂತು ಸೀಟಿ ಊದಿದವನು. ಬೀಸುವ ಕಲ್ಲು ಹೊತ್ತು ಆಫೀಸಿನ ಮೆಟ್ಟಿಲು ಹತ್ತಿದ.

ಇಳಿಸುವುದನ್ನು ಅವರಿಗೆ ಯಾರೂ ಕಲಿಸಬೇಕಿರಲಿಲ್ಲ. ಇಪ್ಪತ್ತೈದು ನಿಮಿಷದಲ್ಲಿ ಮೂರು ಲಾರಿಯ ಸಾಮಾನು ಮೆಟ್ಟಿಲು, ಪಡಸಾಲೆ ತುಂಬಿ ಸಾಹೇಬನ ಕೋಣೆಯ ಹೊಸ್ತಿಲಿಗೆ ಮುಟ್ಟಿತು. ಯಾರ ಹೊರಸು ಯಾರ ಹೊರಸಿನ ಪಕ್ಕ ಎಂದು ಯಾರೂ ಸಾಲು ಹಿಡಿಯಲಿಲ್ಲ.

ಸಾಹೇಬ ಬಾಗಿಲಿಗೆ ಬಂದ. ಹೊರಗೆ ಕಾಲಿಡಲು ಜಾಗವಿರಲಿಲ್ಲ. "ಯಾರಲೇ ಇಲ್ಲಿ ಇಳಸಾಕ ಹೇಳಿದ್ದು?"

"ನಾ ಹೇಳೀನಿ," ಎಂದಳು ಗದ್ದೆಮ್ಮ. ಪಡಸಾಲೆಯ ನಡುವೆ ಮೂರು ಕಲ್ಲು ಹೂಡಿ ಬೆಂಕಿ ಹಚ್ಚಿದ್ದಳು. ಸರ್ವರಿ ಬೇಗಂ ಊದುಗೊಳವೆ ಹಿಡಿದು ಕೂತಿದ್ದಳು.

"ಸರಕಾರಿ ಕಟ್ಟಡದಾಗ ಒಲಿ ಹೂಡ್ತೀಯಾ, ರಂಡೇ? ಜೇಲಿಗೆ ಕಳಸ್ತೀನಿ."

"ಕಳಸ್ರಿ. ಎರಡು ರೊಟ್ಟಿ ಆಗ್ಲಿ, ಮುಂಜಾನಿಂದ ಯಾರೂ ಉಂಡಿಲ್ಲ."

ಸಾಹೇಬ ಒಳಗೆ ಹೋಗಿ ಫೋನು ಎತ್ತಿದ. ಹೊಗೆ ಅವನ ಹಿಂದೆಯೇ ಕೋಣೆಗೆ ನುಗ್ಗಿತು.

ಅರ್ಧ ಗಂಟೆಗೆ ಪೊಲೀಸ್ ಜೀಪು ಬಂತು. ಫೌಜದಾರ ಗೇಟಿನಲ್ಲೇ ನಿಲ್ಲಬೇಕಾಯಿತು. ಮುಂದೆ ತಗಡಿನ ರಾಶಿ, ಅದರಾಚೆ ಹೊರಸುಗಳು, ಅದರಾಚೆ ಕೊಡಗಳು. ಅವನು ಲಾಠಿಯಿಂದ ತಗಡನ್ನು ಬಡಿದು, ಮೆಟ್ಟಿಲ ಮೇಲೆ ಕುಕ್ಕುರುಗಾಲಲ್ಲಿ ಕೂತ ನಲವತ್ತು ಹಮಾಲರತ್ತ ತಿರುಗಿದ.

"ಏಳ್ರಲೇ. ಈ ಸಾಮಾನು ಎತ್ರಿ."

ಯಾರ ಕೈಯೂ ಮೊಣಕಾಲಿನ ಮೇಲಿಂದ ಏಳಲಿಲ್ಲ. ಫೌಜದಾರ ಲಾಠಿಯ ತೊಗಲಿನ ಪಟ್ಟಿಯನ್ನು ಮುಂಗೈಗೆ ಸುತ್ತಿಕೊಂಡು ತಗಡಿನ ಮೇಲೆ ಬೂಟು ಇಟ್ಟ. ಗದ್ದೆಮ್ಮ ಹಿಟ್ಟು ಮುರಿದುಕೊಂಡು ಮೂರನೆಯ ರೊಟ್ಟಿ ಬಡಿಯತೊಡಗಿದಳು.