ಹಲ್ಲುನೋವಿನ ಕೋತಿ

ಹಳೇಬೀಡಿನಲ್ಲಿ ಮೂವತ್ತೊಂದು ವರ್ಷದಿಂದ ಗೈಡ್ ಆಗಿರುವ ನನಗೆ ಹೆಸರು ತಂದುಕೊಟ್ಟಿದ್ದು ಒಂದು ಕೋತಿ. ಕಲ್ಲಿನದು, ಅಂಗೈಯಷ್ಟೇ ಇದೆ. ಯಾವ ಗುಡಿಯ ಗೋಡೆ ಎಂದು ಹೇಳುವುದಿಲ್ಲ; ಹೇಳಿದರೆ ನಾಳೆಯೇ ಹೋಗಿ ಅದರ ಮೂಗು ಸವರುವವರಿದ್ದಾರೆ. ಮುಖದ ಸುತ್ತ ಸಿಂಹದ ಕೇಸರ, ಬಾಲದ ತುದಿಗೆ ಕುಚ್ಚು, ಒಂದು ಕೆನ್ನೆ ಊದಿಕೊಂಡಿದೆ.

"ಶಿಲ್ಪಿ ಸಿಂಹ ಮಾಡೋಕೆ ಹೊರಟ, ಉಳಿ ಜಾರಿ ಕೋತಿ ಆಯ್ತು. ಆವತ್ತು ಪಾಪ ಅವನಿಗೆ ಹಲ್ಲುನೋವು. ಅದನ್ನೂ ಕೋತಿಗೇ ಅಂಟಿಸಿಬಿಟ್ಟ!" ಎನ್ನುತ್ತಿದ್ದೆ. ಜನ ಬಿದ್ದು ಬಿದ್ದು ನಗುತ್ತಿದ್ದರು, ಮುಂದೆ ಹೋಗುತ್ತಿದ್ದರು.

ಕಥೆ ಪೂರ್ತಿ ನನ್ನದೇ. ನನಗೆ ಕೆಲಸ ಕಲಿಸಿದ ಹಿರಿಯ ಗೈಡ್ ತಿಮ್ಮಯ್ಯನವರು ಮೊದಲ ದಿನವೇ ಹೇಳಿದ್ದರು: "ನೋಡಯ್ಯ ಸಂಪತ್ತು, ಯಾರು ಏನೇ ಕೇಳ್ಲಿ, ಗೊತ್ತಿಲ್ಲ ಅಂತ ಮಾತ್ರ ಅನ್ಬ್ಯಾಡ. ಆ ಮಾತು ಬಾಯಿಂದ ಬಂತು ಅಂದ್ರೆ ಜನ ಬ್ಯಾರೆ ಗೈಡ್ ಹುಡುಕ್ಕೊಂಡು ಹೋಯ್ತಾರೆ." ಅವರ ಮಾತನ್ನು ನಾನು ಒಂದು ದಿನವೂ ಮೀರಿರಲಿಲ್ಲ.

ನನ್ನ ಮಗಳು ಮೇಧಿನಿ ಅರಸೀಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಹೋದ ಡಿಸೆಂಬರಿನಲ್ಲಿ ತನ್ನ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆತಂದಳು. ಕೋತಿಯ ಕಥೆ ಹೇಳಿದೆ. ಮಕ್ಕಳು ನಕ್ಕರು, ಅವಳು ನಗಲಿಲ್ಲ.

"ಅಪ್ಪ, ಅದು ಶಿಲ್ಪಿಯ ತಪ್ಪಲ್ಲ. ಅದು ಸಿಂಗಳೀಕ ಅನ್ನೋ ಕೋತಿ. ಕುದುರೆಮುಖದ ಕಾಡಲ್ಲಿ ಈಗ್ಲೂ ಇದೆ," ಎಂದಳು. ಅಷ್ಟೂ ಮಕ್ಕಳ ಎದುರಿಗೆ!

ನನಗೆ ಮೈಯೆಲ್ಲ ಉರಿಯಿತು. ಮೊಬೈಲಿನಲ್ಲಿ ಫೋಟೋ ತೋರಿಸಲು ಬಂದಳು, ಮುಖ ತಿರುಗಿಸಿದೆ. "ಫೋಟೋದಲ್ಲಿ ಏನ್ ಬೇಕಾದ್ರೂ ತೋರಿಸ್ತಾರೆ. ಕಣ್ಣಾರೆ ತೋರ್ಸು. ತೋರ್ಸಿದ್ರೆ ಈ ಕಥೆ ಇನ್ಮೇಲೆ ಹೇಳಲ್ಲ," ಎಂದುಬಿಟ್ಟೆ. ಅಂದಮೇಲೆ ಹೊಳೆಯಿತು: ಆ ಕಥೆ ಹೋದರೆ ನನ್ನ ಬಳಿ ಉಳಿಯುವುದು ಬರೀ ಇಸವಿಗಳು.

ಮಗಳು ಬಿಡಲಿಲ್ಲ, ಕುದುರೆಮುಖಕ್ಕೆ ಹೊರಡಿಸಿಯೇಬಿಟ್ಟಳು. ಹೆಂಡತಿ ರಮಾಮಣಿ ಪುಳಿಯೋಗರೆ ಕಟ್ಟಿಕೊಟ್ಟಳು. "ಕೋತಿ ನೋಡೋಕೆ ಅಷ್ಟು ದೂರ ಯಾಕ್ರೀ? ದಿನಾ ನಮ್ಮ ಹೆಂಚಿನ ಮೇಲೇ ಕುಣಿಯತ್ತಲ್ಲ," ಎಂದು ಕಾಲೆಳೆದಳು.

ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಕುರಿಂಜಲ್ ಬೆಟ್ಟ ಹತ್ತಲು ಮೇಧಿನಿ ಮೊದಲೇ ಪರ್ಮಿಟ್ ಮಾಡಿಸಿದ್ದಳು. ಜೊತೆಗೆ ಬಂದ ಗೈಡ್ ರಘು ಕಳಸದ ಕಡೆಯವನು. ಹಾವಿನ ಕಾಲು ಹಾವಿಗೇ ಗೊತ್ತು ತಾನೇ? ದಾರಿಯುದ್ದಕ್ಕೂ ಅವನನ್ನು ಪರೀಕ್ಷೆ ಮಾಡಿದೆ. ಕಾಡಿನೊಳಗೆ ಯಾರೋ ಸಿಳ್ಳೆ ಹಾಕಿದಂತಾಯಿತು. ಅದೊಂದು ಹಕ್ಕಿ ಎಂದ. ಇದು ಕಾಟಿಯ, ಅಂದರೆ ಕಾಡುಕೋಣದ ಹೆಜ್ಜೆ ಎಂದ.

"ಈ ಮರ ಯಾವುದಪ್ಪ?"

"ಗೊತ್ತಿಲ್ಲ ಸಾರ್."

ನಾನು ನಿಂತೇಬಿಟ್ಟೆ. ಗೈಡ್ ಬಾಯಲ್ಲಿ ಆ ಮಾತೇ! ಅವನಿಗೆ ನಾಚಿಕೆಯೂ ಇಲ್ಲ. ಬಿದ್ದಿದ್ದ ಎಲೆಯೊಂದನ್ನು ಎತ್ತಿ, ಮೂಸಿ, ತಿರುಗಿಸಿ ನೋಡಿದ. ನೋಡುತ್ತಾ ನೋಡುತ್ತಾ ನಾನೂ ಮೇಧಿನಿಯೂ ಆ ಎಲೆಯ ಕಡೆಗೆ ಬಗ್ಗಿದೆವು.

ಕಾಡು ಮುಗಿದು ಹುಲ್ಲಿನ ಬೆಟ್ಟ ಬಂತು. ಮೇಲೆ ನಿಂತರೆ ಬೆಟ್ಟದ ಹಿಂದೆ ಬೆಟ್ಟ, ಅವುಗಳ ಮಡಿಲಲ್ಲಿ ಕಪ್ಪು ಕಾಡು, ಕೆಳಗಿನಿಂದ ಏರಿಬರುವ ಮಂಜು. ಹಳೇಬೀಡಿನಲ್ಲಿ ನಾನು ಗೋಡೆಗೆ ಬೆನ್ನು ಹಾಕಿ ಜನರ ಮುಖ ನೋಡಿಕೊಂಡು ಮಾತಾಡುವವನು. ಇಲ್ಲಿ ಹೇಳಬೇಕಾದ್ದು ಏನೂ ಇರಲಿಲ್ಲ. ಸುಮ್ಮನೆ ನೋಡಿದೆ.

ಸಿಂಗಳೀಕ ಮಾತ್ರ ಕಾಣಲಿಲ್ಲ. ಒಳಗೊಳಗೇ ಖುಷಿಯಾಯಿತು. ನನ್ನ ಕಥೆ ಉಳಿಯಿತು ಎಂದು ಇಳಿಯತೊಡಗಿದೆ. ಅರ್ಧ ದಾರಿಯಲ್ಲಿ ರಘು ಕೈ ಎತ್ತಿ ನಿಲ್ಲಿಸಿದ.

ಕೊಂಬೆಯ ಮೇಲೆ ಅದು ಕೂತಿತ್ತು. ಕಪ್ಪು ಮೈ, ಮುಖದ ಸುತ್ತ ನರೆತ ಕೇಸರ, ಬಾಲದ ತುದಿಗೆ ಕುಚ್ಚು. ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡಿತು, ನುಂಗಲಿಲ್ಲ. ಇನ್ನೊಂದು, ಮತ್ತೊಂದು. ಒಂದು ಕೆನ್ನೆ ಊದಿತು.

"ಕೆನ್ನೆ ಒಳಗೆ ತುಂಬಿಟ್ಕೊಂಡು ಆಮೇಲೆ ತಿಂತಾವೆ ಸಾರ್," ಎಂದು ರಘು ಪಿಸುಗುಟ್ಟಿದ.

ನನಗೆ ನಿಜವಾಗಿ ನಾಚಿಕೆಯಾಯಿತು. ಎಂಟುನೂರು ವರ್ಷದ ಹಿಂದೆ ಒಬ್ಬ ಇದನ್ನು ಇಷ್ಟು ಗಮನವಿಟ್ಟು ನೋಡಿದ್ದ, ಕೆನ್ನೆಯನ್ನೂ ಮರೆಯದೆ ಕಲ್ಲಿಗಿಳಿಸಿದ್ದ. ನಾನು ಮೂವತ್ತೊಂದು ವರ್ಷ ಊರೂರಿನ ಜನರಿಂದ ಅವನನ್ನು ನಗೆಪಾಟಲು ಮಾಡಿಸಿದ್ದೆ. ಮೇಧಿನಿ ಗೆದ್ದೆ ಎನ್ನಲಿಲ್ಲ. ನೀರಿನ ಬಾಟಲಿ ಕೊಟ್ಟಳು.

ಮುಂದಿನ ಭಾನುವಾರ ಬೇಲೂರು ನೋಡಿಕೊಂಡು ಬಂದ ಒಂದು ಗುಂಪು ಸಿಕ್ಕಿತು. ಕೋತಿಯ ಮುಂದೆ ನಿಂತು, "ಇದು ಸಿಂಗಳೀಕ. ಕೆನ್ನೆಯಲ್ಲಿ ಹಣ್ಣು ತುಂಬಿಕೊಂಡಿದೆ," ಎಂದೆ. ಯಾರೂ ನಗಲಿಲ್ಲ. ಹಿಂದಿದ್ದ ಹೆಂಗಸೊಬ್ಬರು ಕೇಳಿದರು: "ಅಲ್ಲ ಸಾರ್, ಈ ಬಯಲಲ್ಲಿ ಕೂತು ಕೆತ್ತಿದವನು ಅದನ್ನ ಎಲ್ಲಿ ನೋಡ್ದ?"

ನಾಲಿಗೆ ತುದಿಗೆ ಒಂದು ಹೊಸ ಕಥೆ ಬಂದೇಬಿಟ್ಟಿತ್ತು. ಅದನ್ನು ಅಲ್ಲೇ ನುಂಗಿಕೊಂಡೆ.

"ಗೊತ್ತಿಲ್ಲಮ್ಮ," ಎಂದೆ.

ಆಕೆ ಬೇರೆ ಗೈಡ್ ಹುಡುಕಿಕೊಂಡು ಹೋಗಲಿಲ್ಲ. ಕನ್ನಡಕ ಸರಿಮಾಡಿಕೊಂಡು ಗೋಡೆಯ ಹತ್ತಿರಕ್ಕೆ ಬಗ್ಗಿದರು. ಹಿಂದೆಯೇ ಉಳಿದವರೂ ಬಗ್ಗಿದರು. ಆ ಕೋತಿಯ ಮುಂದೆ ಜನ ಅಷ್ಟು ಹೊತ್ತು ನಿಂತಿದ್ದನ್ನು ನಾನು ನೋಡಿದ್ದು ಅದೇ ಮೊದಲು.