ತಗಡು ಕಿತ್ತ ಜಾಗ

ನಾನು ಒಂದು ಶೀಲ್ಡು. ಬೀಟೆ ಮರದ ಅಗಲವಾದ ಹಲಗೆ, ನಡುವೆ ಓಡುತ್ತಿರುವ ಹುಡುಗಿಯ ಹಿತ್ತಾಳೆ ಬೊಂಬೆ. ನನ್ನನ್ನು ಮಾಡಿದವನು ಈರಾಚಾರಿ. ಉಳಿ ಹಿಡಿದಷ್ಟು ಹೊತ್ತೂ ಗೊಣಗುತ್ತಿದ್ದ. ಆ ಗುಣ ನನಗೂ ಬಂದಿದೆ.

ಜಿಲ್ಲೆಯ ಖೊಖೊ ಸಂಘದವರು ಮಹಿಳಾ ಕಾಲೇಜುಗಳ ಪಂದ್ಯಾವಳಿಗೆಂದು ನನ್ನನ್ನು ಮಾಡಿಸಿದ್ದರು. ಗೆದ್ದ ಕಾಲೇಜು ತನ್ನ ಹೆಸರು ಕೆತ್ತಿದ ಸಣ್ಣ ತಗಡನ್ನು ನನ್ನ ಎದೆಗೆ ಸ್ಕ್ರೂ ಹಾಕಿ ಕೂರಿಸಿ, ವರ್ಷವಿಡೀ ಇಟ್ಟುಕೊಂಡು, ಮುಂದಿನ ಪಂದ್ಯಾವಳಿಗೆ ಮುಂಚೆ ಸಂಘಕ್ಕೆ ಒಪ್ಪಿಸಬೇಕು. ಮಂಡಿ ತರಚಿಕೊಂಡು ಗೆದ್ದ ಹುಡುಗಿಯರ ಹೆಸರನ್ನು ಯಾರೂ ಕೆತ್ತಿಸಲಿಲ್ಲ. ನನಗೆ ಮೊದಲಿಂದಲೂ ಅದೇ ಸಿಟ್ಟು.

ಹಲವು ಕಾಲೇಜು ಸುತ್ತಿ ಬೆಳ್ಳಿಕಿರಣ ಕಾಲೇಜಿಗೆ ಬಂದೆ. ಅಲ್ಲಿನ ಅಧ್ಯಕ್ಷ ಮರಿಬಸಪ್ಪನವರು ನನ್ನನ್ನು ತಮ್ಮ ಕುರ್ಚಿಯ ಹಿಂದೆಯೇ ನೇತುಹಾಕಿಸಿದರು. ಬಂದವರಿಗೆಲ್ಲ ಕಾಫಿಗೆ ಮುಂಚೆ ನನ್ನ ದರ್ಶನ.

ಒಂದು ದಿನ ತಂಡದ ನಾಯಕಿ ಬಿಂದುಶ್ರೀ ಒಳಗೆ ಬಂದಳು. ಕೋಚ್ ಅಭ್ಯಾಸದ ನೆಪದಲ್ಲಿ ಹುಡುಗಿಯರ ಮೈಮೇಲೆ ಕೈ ಹಾಕುತ್ತಾನೆಂದು ನಿಂತೇ ಹೇಳಿದಳು. ಮರಿಬಸಪ್ಪನವರು ನನ್ನತ್ತ ಬೆರಳು ತೋರಿಸಿದರು.

“ಇದು ಬಂದಿದ್ದು ಅವ್ರಿಂದಾನೇ ಕಣಮ್ಮ. ಇದರ ಮರ್ಯಾದೆ ಬೀದಿಗೆ ಹಾಕ್ತೀಯಾ? ಬಾಯ್ಮುಚ್ಕೊಂಡು ಹೋಗು.”

ನನ್ನನ್ನು ತೋರಿಸಿ ಅವಳ ಬಾಯಿ ಮುಚ್ಚಿಸುವುದೇ! ಮೊಳೆ ಕಿತ್ತುಕೊಂಡು ಅವರ ತಲೆಯ ಮೇಲೆ ಬೀಳೋಣವೆನಿಸಿತು. ಹಾಳು ಮೊಳೆ ಗಟ್ಟಿಯಾಗಿತ್ತು.

ಬಿಂದುಶ್ರೀ ಸುಮ್ಮನಾಗಲಿಲ್ಲ. ಪೊಲೀಸರಿಗೂ ಹೇಳಿದಳು, ಸಂಘಕ್ಕೂ ಹೇಳಿದಳು. ಕೋಚ್ ಜೈಲಿಗೆ ಹೋದ. ಕಾಲೇಜನ್ನು ಏನು ಮಾಡುವುದೆಂದು ಸಂಘ ಸಭೆ ಕರೆಯಿತು. ನನ್ನನ್ನು ಒಪ್ಪಿಸುವ ಕಾಲವೂ ಅದೇ ಆದ್ದರಿಂದ ಮೇಜಿನ ಮೇಲೆ ನಾನೂ ಇದ್ದೆ. ಮರಿಬಸಪ್ಪನವರು ಪಾಲಿಶ್ ಹೊಡೆಸಿ ತಂದಿದ್ದರು, ಹಾರ ಬೇರೆ.

“ತಪ್ಪು ಮಾಡಿದೋನು ಒಬ್ಬ. ಅವನನ್ನ ಕೆಲಸದಿಂದ ತೆಗೆದಿದ್ದೀವಿ. ಸಂಸ್ಥೆಗ್ಯಾಕೆ ಶಿಕ್ಷೆ?” ಎಂದರು.

ಬಿಂದುಶ್ರೀ ಎದ್ದು ಬಂದು, ಹಾರ ಸರಿಸಿ, ತಗಡಿನ ಮೇಲೆ ಬೆರಳಿಟ್ಟಳು. “ಗೆದ್ದಾಗ ಇಲ್ಲಿ ಕೋಚ್ ಹೆಸ್ರು ಹಾಕ್ಸಿದ್ರಾ ಸಾರ್? ನಮ್ಮ ಹೆಸ್ರು? ಸಂಸ್ಥೆ ಹೆಸ್ರು ಹಾಕ್ಸಿದ್ರಿ. ಬಾಯ್ಮುಚ್ಕೊಂಡು ಹೋಗು ಅಂದಿದ್ದೂ ಸಂಸ್ಥೆನೇ.”

ಸಂಘದ ಕಾರ್ಯದರ್ಶಿ ಸರೋಜಮ್ಮ ಮೆಲ್ಲಗೆ ಹೇಳಿದರು. “ಕಾಲೇಜನ್ನ ಹೊರಗಿಟ್ರೆ ನೀನೂ ಆಡೋ ಹಾಗಿಲ್ಲಮ್ಮ. ನಿಂದು ಕೊನೇ ವರ್ಷ.”

ಅವಳು ತಗಡಿನಿಂದ ಬೆರಳು ತೆಗೆಯಲಿಲ್ಲ. “ಗೊತ್ತು ಮೇಡಂ. ಆದ್ರೂ ಹೊರಗಿಡಿ. ಈ ತಗಡೂ ಕಿತ್ಹಾಕಿ.”

ಸಭೆ ಒಪ್ಪಿತು. ಸರೋಜಮ್ಮ ಸ್ಕ್ರೂಡ್ರೈವರ್ ತರಿಸಿದರು. ನೋವಾಯಿತೇ ಎಂದು ಕೇಳಬೇಡಿ, ಹಾಯೆನಿಸಿತು.

ಈಗ ಸಂಘದವರು ಫಳಫಳ ಹೊಳೆಯುವ ಕಪ್ ಕೊಡುತ್ತಾರೆ. ನಾನು ಕಚೇರಿಯ ಮೂಲೆಯಲ್ಲಿ, ಹಳೆಯ ಖೊಖೊ ಕಂಬಗಳ ಜೊತೆ ಇದ್ದೇನೆ. ಬಿಂದುಶ್ರೀ ಆ ವರ್ಷ ಆಡಲಿಲ್ಲ. ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಆದರೂ ಕಿತ್ತದ್ದೇ ಸರಿ, ಯಾರು ಬೇಕಾದರೂ ಬಂದು ವಾದ ಮಾಡಲಿ.

ಹೊಸ ಕಾರ್ಯದರ್ಶಿಯೊಬ್ಬರು ನೋಡಲು ಚೆನ್ನಾಗಿಲ್ಲವೆಂದು ಆ ಸ್ಕ್ರೂ ತೂತುಗಳಿಗೆ ಮೇಣ ತುಂಬಿಸಿದರು. ಬೇಸಿಗೆ ಬರಲೆಂದು ಕಾದೆ. ಕಿಟಕಿಯ ಬಿಸಿಲಿಗೆ ಮೇಣ ಕರಗಿ ಇಳಿಯಿತು. ಮತ್ತೆ ತುಂಬಿಸಲಿ, ಮತ್ತೆ ಉಗುಳುತ್ತೇನೆ. ನನ್ನ ಮೈಮೇಲೆ ಆಟಗಾರ್ತಿಯೊಬ್ಬಳ ಗುರುತು ಅಂತ ಇರುವುದು ಆ ತೂತುಗಳು ಮಾತ್ರ.