ಅಂಗಾರ ಹೊಲಿದ ಜಾಕೆಟ್

ವಾಗದರಿಯ ಜೋಳದ ಹೊಲದಲ್ಲಿ ಬೆಳೆದವನಿಗೂ ಸಮುದ್ರಕ್ಕೂ ಏನು ನಂಟು ಹೇಳಿ! ಆ ಊರಿನವರು ಕಂಡ ದೊಡ್ಡ ನೀರೆಂದರೆ ಬೋರಿ ಹೊಳೆಯ ಮಳೆಗಾಲದ ಪೂರ, ಅಷ್ಟೇ. ಆದರೂ ಸಿದ್ಧರಾಮ ನೌಕಾದಳ ಸೇರಿದ, ಅಲ್ಲಿ ಹಾಯಿದೋಣಿ ನಡೆಸಲು ಕಲಿತ, ಹತ್ತು ವರ್ಷಕ್ಕೆ ಆ ನೌಕರಿಯನ್ನೂ ಬಿಟ್ಟು ಪರದೇಶದವರ ಪಂದ್ಯದ ದೋಣಿಗಳಲ್ಲಿ ಸಂಬಳಕ್ಕೆ ನಿಂತ. ಸಾಗರದಿಂದ ಸಾಗರಕ್ಕೆ ಗಾಳಿಯ ಬಲದ ಮೇಲೆ ಓಡುವುದೇ ಅವನ ಉದ್ಯೋಗ. ಯಾರಾದರೂ ಕೇಳಿದರೆ ಅವನ ತಾಯಿ ಇಂದುಬಾಯಿ, "ಮಗ ಜಹಾಜದಾಗ ಸಾಹೇಬ ಅದಾನ" ಎಂದು ಮಾತು ಮುಗಿಸುತ್ತಿದ್ದಳು. ಸಾಹೇಬನಂತೆ! ಒದ್ದೆ ಬಟ್ಟೆಯಲ್ಲೇ ಮಲಗಿ, ನಾಲ್ಕು ತಾಸಿಗೊಮ್ಮೆ ಎದ್ದು ಹಗ್ಗ ಎಳೆಯುವ ಸಾಹೇಬ.

ಅವನ ಹೆಂಡತಿ ಕುಮುದಿನಿ ಸೊಲ್ಲಾಪುರದಲ್ಲೇ ಹುಟ್ಟಿ ಬೆಳೆದವಳು, ವಿಮಾ ಕಚೇರಿಯಲ್ಲಿ ಗುಮಾಸ್ತೆ. ವಿಜಾಪುರ ರಸ್ತೆಯ ಅವಳ ಮನೆಗೆ ಹಬ್ಬಹುಣ್ಣಿಮೆಗೆ ಅತ್ತೆ ಬಂದು ಇರುತ್ತಿದ್ದಳು. ತೊಂಬತ್ತೇಳನೆಯ ಇಸವಿಯ ಗಣಪತಿ ಹಬ್ಬಕ್ಕೆ ಸಿದ್ಧರಾಮ ಹತ್ತು ದಿನ ಬಂದ. ಮುಂದೆ ಭೂಮಿ ಸುತ್ತುವ ಪಂದ್ಯ, ಎಂಟೊಂಬತ್ತು ತಿಂಗಳ ಮಾತು. ಈ ಸಲ ಯಾಕೋ ಮುದುಕಿಗೆ ಮನಸ್ಸು ನೆಟ್ಟಗಿರಲಿಲ್ಲ.

ಹೊರಡುವ ಹಿಂದಿನ ದಿನ ಎಲ್ಲರನ್ನೂ ಅಕ್ಕಲಕೋಟೆಗೆ ಎಳೆದುಕೊಂಡು ಹೋಗಿ, ಸ್ವಾಮಿಗಳ ಗುಡಿಯಿಂದ ಅಂಗಾರ, ಅಂದರೆ ಅಲ್ಲಿ ಆರದಂತೆ ಉರಿಸುವ ಬೆಂಕಿಯ ಬೂದಿ, ಪುಡಿಕೆ ಕಟ್ಟಿಸಿಕೊಂಡು ಬಂದಳು. ಮಗ ಕಿಸೆಗೆ ಹಾಕಿಕೊಳ್ಳಲಿಲ್ಲ. "ಅವ್ವಾ, ಒಂದ ತೆರಿ ಬಡದ್ರ ಎಲ್ಲಾ ರಾಡಿ ಆಗ್ತೈತಿ" ಎಂದು ನಕ್ಕ. ಇಂದುಬಾಯಿಯ ಮುಖ ಸಣ್ಣದಾಯಿತು. ಅವನು ಸ್ನಾನಕ್ಕೆ ಹೋದದ್ದೇ ತಡ, ಸೊಸೆಯ ಕೈಗೆ ಪುಡಿಕೆ ತುರುಕಿದಳು.

"ಅಂವ ನೀರಾಗ ಹಾಕ್ಕೊಳ್ಳೂ ಜಾಕೆಟ್ಟಿಗೆ ಒಳಗಿಂದ ಹೊಲಿದುಬಿಡು. ಕಾಣಬಾರದು ನೋಡು."

ಕೆಂಪು ಜಾಕೆಟ್ ಗೂಟಕ್ಕೆ ನೇತಾಡುತ್ತಿತ್ತು. ಕುಮುದಿನಿ ಅದರ ಎದೆಯ ಮೇಲಿನ ಮುಚ್ಚಳ ಬಿಡಿಸಿದಳು. ಒಳಗೆ ದಪ್ಪನೆಯ ಹಳದಿ ಬಟ್ಟೆ, ಮಡಿಕೆ ಮಡಿಕೆಯಾಗಿ. ಅಸ್ತರಿರಬೇಕು ಎಂದುಕೊಂಡಳು. ಪುಡಿಕೆಯನ್ನು ಆ ಬಟ್ಟೆಗೇ ಮೇಣ ಹಚ್ಚಿದ ದಾರದಿಂದ, ಯಾವ ಕಾಲಕ್ಕೂ ಬಿಚ್ಚದ ಹಾಗೆ ಹೊಲಿದು, ಮುಚ್ಚಳ ಮೊದಲಿನಂತೆ ಹಾಕಿದಳು. ಅವನಿಗೆ ಸುಳಿವೇ ಹತ್ತಲಿಲ್ಲವೆಂದು ಅತ್ತೆ ಸೊಸೆ ಇಬ್ಬರೂ ಕಣ್ಣಲ್ಲೇ ನಕ್ಕರು. ಎಷ್ಟು ಖುಷಿ, ಪಾಪ!

ದೀಪಾವಳಿಯಾಗಿ ವಾರಕ್ಕೆ ದಕ್ಷಿಣ ಆಫ್ರಿಕಾದ ಬಂದರಿನಿಂದ ಫೋನು ಬಂತು. ಮರುದಿನ ಮುಂಜಾನೆ ಪಂದ್ಯದ ಎರಡನೆಯ ಹಂತ ಶುರು. ಇನ್ನು ದಕ್ಷಿಣದ ಥಂಡಿ ಸಮುದ್ರ, ಮನೆಯೆತ್ತರದ ತೆರೆ, ಬಿದ್ದವನ ಕೈಕಾಲು ಹತ್ತು ನಿಮಿಷಕ್ಕೆ ಸೆಟೆಯುವಂಥ ನೀರು. ಅದನ್ನೆಲ್ಲ ಹೆತ್ತವ್ವನಿಗೆ ಯಾರಾದರೂ ಹೇಳುತ್ತಾರೆಯೇ? ತಾಯಿಗೆ ಕಿವಿ ಮಂದವೆಂದು ಅವನು ಒದರುತ್ತಿದ್ದುದು ಪಕ್ಕದಲ್ಲಿದ್ದ ಕುಮುದಿನಿಗೂ ಕೇಳುತ್ತಿತ್ತು.

"ಅಂಜಬ್ಯಾಡವ್ವಾ. ಆ ಕೆಂಪು ಜಾಕೆಟ್ ಐತೆಲ್ಲಾ, ನೀರು ಹತ್ತಿದ ಕೂಡಲೇ ಒಳಗಿನ ಹಳದಿ ಚೀಲದಾಗ ತಾನ ಗಾಳಿ ತುಂಬ್ತೈತಿ. ಸೈಕಲ್ ಟ್ಯೂಬ್ ಇದ್ದಾಂಗ."

ಕುಮುದಿನಿ ಸೂಜಿ ಚುಚ್ಚಿದ್ದು ಅದಕ್ಕೇ. ಹಳದಿ ಚೀಲ! ಅತ್ತೆಯ ಕೈಯಿಂದ ರಿಸೀವರ್ ಕಸಿದುಕೊಂಡಳು. ಹೇಳಬೇಕಾದದ್ದು ನಾಲ್ಕೇ ಮಾತು. ಆದರೆ ಇಂದುಬಾಯಿ ಎದುರಿಗೇ ನಿಂತಿದ್ದಳು. ಹೊರಟವರ ಮುಂದೆ ಕೆಟ್ಟದ್ದು ನುಡಿಯಬಾರದು, ಮುಳುಗುವ ಮಾತಂತೂ ಎತ್ತಲೇಬಾರದು ಎಂದು ಆ ಮನೆಗೆ ಕಾಲಿಟ್ಟ ದಿನದಿಂದ ಕೇಳಿಸಿಕೊಂಡವಳು ಅವಳು.

"ರೀ, ಆ ಜಾಕೆಟ್ ಒಮ್ಮೆ ಬಿಚ್ಚಿ ನೋಡ್ಕೋರಿ."

"ಅದರ ತಪಾಸಣಿ ಆಗಿ ಚೀಟಿ ಹಚ್ಚ್ಯಾರ, ಹುಚ್ಚಿ. ನಾ ಊರಿಗೆ ಬರೂಕಿಂತ ಮೊದಲ ಆಗೈತಿ. ಫೋನ್ ಇಡ್ಲ್ಯಾ?"

"ಅಲ್ರಿ, ಅದಕ್ಕ ನಾ..."

"ಏನದು? ಹೊರಡೂ ಹೊತ್ತಿನ್ಯಾಗ ಏನ ಅಪಶಕುನ ನುಡಿಯಾಕತ್ತಿ?" ಎಂದು ಅತ್ತೆ ಹುಬ್ಬು ಗಂಟಿಕ್ಕಿದಳು.

"ಏನಿಲ್ರಿ. ಹುಷಾರಿರ್ರಿ" ಎಂದು ಕುಮುದಿನಿ ಫೋನು ಇಟ್ಟಳು. ಇಟ್ಟ ಕೈ ಸೇದಿ ಹೋಗಲಿ ಎಂದು ಆಮೇಲೆ ತನ್ನನ್ನು ತಾನೇ ಬೈದುಕೊಂಡಳು. ಬೈದುಕೊಂಡರೆ ಏನು ಬಂತು?

ಮರುದಿನ ಕಚೇರಿಗೆ ಹೋಗುವಾಗ ಸೈಕಲ್ ಅಂಗಡಿಯ ಸಾತಲಿಂಗಪ್ಪನ ಮುಂದೆ ನಿಂತಳು.

"ಕಾಕಾ, ಟ್ಯೂಬಿಗೆ ಸೂಜಿಲೆ ಹೊಲಿಗಿ ಹಾಕಿದ್ರ ಗಾಳಿ ನಿಲ್ತೈತೇನ್ರಿ?"

"ಟ್ಯೂಬಿಗೆ ಹೊಲಿಗಿ?" ಅವನು ನಟ್ಟು ತಿರುವುತ್ತಿದ್ದ ಪಾನಾ ಕೆಳಗಿಟ್ಟು ಹೊಟ್ಟೆ ಹಿಡಿದು ನಕ್ಕ. "ಯಾವ ಶಾಣ್ಯಾ ಹಾಕ್ಯಾನವಾ? ಒಂದ ತೂತಿಗೇ ಗಾಳಿ ಹೋಗಿ ಟ್ಯೂಬ್ ಮಕ್ಕೋತೈತಿ, ತಂಗೀ."

ಇಷ್ಟು ಕೇಳಿದ ಮೇಲೂ ಅಂದು ಸುಮ್ಮನಿದ್ದಳಲ್ಲ! ಇಷ್ಟು ವರ್ಷ ನೀರಲ್ಲೇ ಬದುಕಿದವರು, ನೋಡಿಕೊಂಡೇ ಇರುತ್ತಾರೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಅತ್ತೆಗೆ ತಿಳಿದರೆ ಏನಾದಾಳೋ ಎಂದು ಹೆದರಿದಳು. ದೋಣಿ ಹೊರಟ ಮೂರನೆಯ ದಿನ ತಡೆಯಲಾರದೆ ಪಂದ್ಯದವರ ನಂಬರು ಹುಡುಕಿ, ಫೋನಿನ ಅಂಗಡಿಯಿಂದ ಗಂಡನ ಹೆಸರಿಗೆ ಕನ್ನಡದಲ್ಲೇ ಬರೆದು ಫ್ಯಾಕ್ಸ್ ಕಳಿಸಿದಳು: ನಿಮ್ಮ ಜಾಕೆಟ್ಟಿನ ಚೀಲಕ್ಕೆ ನಾನು ಸೂಜಿ ಹಾಕಿದ್ದೇನೆ, ಅದರಲ್ಲಿ ಗಾಳಿ ನಿಲ್ಲುವುದಿಲ್ಲ, ತೊಡಬೇಡಿ. ದೋಣಿಗೆ ಮುಟ್ಟಿಸುತ್ತೇವೆಂದು ಸಂಜೆ ಉತ್ತರ ಬಂತು.

ನಾಲ್ಕನೆಯ ದಿನ ರಜೆ ಹಾಕಿ ಫೋನಿನ ಪಕ್ಕದಲ್ಲೇ ಕುಳಿತಳು. ಮಧ್ಯಾಹ್ನ ದೋಣಿಯ ಸ್ಯಾಟಲೈಟ್ ಫೋನಿನಿಂದ ಸಿದ್ಧರಾಮನ ಧ್ವನಿಯೇ ಕೇಳಿತು. ಬದುಕಿದ್ದಾರೆ, ದೇವರೇ, ಬದುಕಿದ್ದಾರೆ!

"ನಿನ್ನ ಕಾಗದ ಈಗ ಓದಿದೆ" ಎಂದ. "ಡಂಕನ್ ಹೋದ, ಕುಮುದಾ."

ಡಂಕನ್ ಅದೇ ದೋಣಿಯ ಇನ್ನೊಂದು ಪಾಳಿಯವನು. ಸಿದ್ಧರಾಮನ ಪಾಳಿ ಮುಗಿದರೆ ಅವನದು ಶುರು, ಮಲಗಲು ಇಬ್ಬರಿಗೂ ಒಂದೇ ಹಾಸಿಗೆ. ಹೊರಟ ಮರುದಿನವೇ ದೊಡ್ಡ ತೆರೆಯೊಂದು ಬಡಿದು ಡಂಕನ್ನನ ಜಾಕೆಟ್ ನಿಂತಲ್ಲೇ ಉಬ್ಬಿ, ಅದರ ಗ್ಯಾಸು ತೀರಿಹೋಗಿತ್ತು. ಬದಲಿಗೆ ಇದ್ದ ಗ್ಯಾಸಿನ ಡಬ್ಬಿಗಳೂ ಉಪ್ಪುನೀರು ಕುಡಿದು ಕೆಟ್ಟಿದ್ದವು. ಅಂದಿನಿಂದ ಸಿದ್ಧರಾಮ ಪಾಳಿ ಇಳಿಯುವಾಗಲೆಲ್ಲ ತನ್ನ ಜಾಕೆಟ್ ಬಿಚ್ಚಿ, ತಾನೇ ಅವನಿಗೆ ತೊಡಿಸಿ, ಪಟ್ಟಿ ಬಿಗಿದು ಕಳಿಸುತ್ತಿದ್ದ.

"ನಿನ್ನಿ ಸಂಜಿ ಮುಂದ, ದೋಣಿಗೆ ಬಿಗಿದ ಸೊಂಟದ ಹಗ್ಗದ ಕೊಂಡಿ ಬದಲಿ ಮಾಡೂದರಾಗ ಅವನ್ನ ತೆರಿ ಎಳಕೊಂಡು ಹೋತು. ಜಾಕೆಟ್ ಐತಿ, ತೇಲ್ತಿರತಾನ ಅಂತ ಕತ್ತಲಾಗೂತನಕ ಹುಡುಕಿದ್ವಿ. ನೀರಮ್ಯಾಲ ಏನೂ ಕಾಣಲಿಲ್ಲ."

"ನನ್ನ ಮಗ ಅರಾಮ ಅದಾನಿಲ್ಲೋ?" ಎಂದು ಇಂದುಬಾಯಿ ಸೊಸೆಯ ರಟ್ಟೆ ಹಿಡಿದು ಅಲ್ಲಾಡಿಸಿದಳು. ಕುಮುದಿನಿ ಹೂಂ ಎಂದು ತಲೆಯಾಡಿಸಿದಳು. "ಅಂಗಾರ ಕಾಯ್ತು ನೋಡು!" ಎನ್ನುತ್ತ ಮುದುಕಿ ದೇವರಿಗೆ ದೀಪ ಹಚ್ಚಲು ಒಳಗೆ ಹೋದಳು.

"ಅದು ಗಾಳಿ ಚೀಲ ಅಂತ ನಿನಗ ಯಾವಾಗ ಗೊತ್ತಾತು?" ಎಂದು ಸಿದ್ಧರಾಮ ಕೇಳಿದ.

ಸುಳ್ಳು ನಾಲಿಗೆಯ ತುದಿಗೇ ಬಂದಿತ್ತು. "ನೀವು ಬಂದರದಿಂದ ಫೋನ್ ಮಾಡಿದ ದಿನಾನ" ಎಂದಳು.

ಅವನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು.

"ಈಗ ಡಂಕನ್ನನ ಹೆಂಡತಿ ಜೋಡಿ ನಾ ಮಾತಾಡಬೇಕು. ಜಾಕೆಟ್ ಯಾಕ ಉಬ್ಬಲಿಲ್ಲ ಅಂತ ಕೇಳ್ತಾಳ. ನಿನ್ನ ಕಾಗದ ಇನ್ನೂ ನಾ ಒಬ್ಬನ ಓದೀನಿ. ಏನ ಹೇಳಲಿ?"

ಹರಿದುಹಾಕಿ ಎಂದರೆ ಅವನು ಹರಿದುಹಾಕುತ್ತಿದ್ದ. ಅದು ಕುಮುದಿನಿಗೆ ಗೊತ್ತಿತ್ತು.

"ನನ್ನ ಹೆಸರ ಹೇಳ್ರಿ" ಎಂದಳು.